ಸವಕಳಿಯ ಲೆಕ್ಕ

ಲೆಕ್ಕಪತ್ರ ಬರೆಯುವವರ ಬಾಯಲ್ಲಿ ದಿನವೂ ಓಡಾಡುವ ಒಂದು ಒಳ್ಳೆಯ ಕನ್ನಡ ಮಾತಿದೆ, ಸವಕಳಿ. ಕೊಂಡ ವಸ್ತು ವರ್ಷದಿಂದ ವರ್ಷಕ್ಕೆ ಎಷ್ಟು ಸವೆಯಿತೋ ಅಷ್ಟನ್ನು ಅದರ ಬೆಲೆಯಿಂದ ಕಳೆಯುತ್ತ ಹೋಗುವ ಕ್ರಮ ಅದು. ಆದಾಯ ತೆರಿಗೆಯ ನಿಯಮಗಳಲ್ಲಿ ಅಂಗಡಿ, ಕಚೇರಿಗಳ ಮೇಜು ಕುರ್ಚಿಗೆ ವರ್ಷಕ್ಕೆ ಶೇಕಡಾ 10, ಸಾಮಾನ್ಯ ಯಂತ್ರಗಳಿಗೆ ಶೇಕಡಾ 15, ಕಂಪ್ಯೂಟರಿಗೆ ಶೇಕಡಾ 40 ಎಂದು ಸವಕಳಿಯ ದರ ಗೊತ್ತಾಗಿದೆ. ಚಿನ್ನದಂಗಡಿಯಲ್ಲೂ ಇದೇ ಗಣಿತ. ನಲವತ್ತು ವರ್ಷ ತೊಟ್ಟ ಬಳೆಯನ್ನು ತಕ್ಕಡಿಗೆ ಇಟ್ಟರೆ ಈಗ ಎಷ್ಟು ತೂಗುತ್ತದೋ ಅಷ್ಟಕ್ಕೆ ದುಡ್ಡು. ಹಿಟ್ಟು ನಾದುವಾಗ, ಪಾತ್ರೆ ತಿಕ್ಕುವಾಗ ಉಜ್ಜಿ ಹೋದ ಚಿನ್ನದ ಮಾತು ಅಲ್ಲಿ ಬರುವುದಿಲ್ಲ. ಬಂದರೂ ಕಳೆಯುವ ಲೆಕ್ಕದಲ್ಲೇ ಬರುತ್ತದೆ. ವ್ಯಾಪಾರಕ್ಕೆ ಇದು ಸರಿ. ಮನೆಯಲ್ಲಿ ಒಬ್ಬರು ತೀರಿಕೊಂಡಾಗ ಮಾತ್ರ ಈ ಗಣಿತ ತಲೆಕೆಳಗಾಗಿಬಿಡುತ್ತದೆ. ಹೆಚ್ಚು ಸವೆದದ್ದಕ್ಕೇ ಹೆಚ್ಚು ಬೆಲೆ ಬಂದುಬಿಡುತ್ತದೆ. ಉಡುಗೊರೆಯಾಗಿ ಬಂದು ಪೆಟ್ಟಿಗೆಯಿಂದ ಹೊರಗೇ ಬಾರದ ರೇಷ್ಮೆ ಸೀರೆಯನ್ನು ಅತ್ತಿಗೆಗೋ ನಾದಿನಿಗೋ ಸಲೀಸಾಗಿ ಕೊಟ್ಟುಬಿಡುವ ಮಗಳು, ಅಮ್ಮ ದಿನಾ ಉಡುತ್ತಿದ್ದ, ಅಂಚು ಬಿಳಿಚಿಕೊಂಡ ನೂಲಿನ ಸೀರೆಯನ್ನು ಯಾರಿಗೂ ಮುಟ್ಟಗೊಡುವುದಿಲ್ಲ. ಇದಕ್ಕೆ ಭಾವುಕತೆ ಎಂದು ಹೆಸರಿಟ್ಟು, ಸ್ವಲ್ಪ ನಕ್ಕು, ನಾವು ಮುಂದಿನ ಮಾತಿಗೆ ಹೋಗುತ್ತೇವೆ. ಅಷ್ಟಕ್ಕೇ ಬಿಡುವ ವಿಷಯ ಇದಲ್ಲ ಎಂಬುದು ನನ್ನ ವಾದ. ತೀರಿಕೊಂಡವರ ವಸ್ತುವಿನ ಬೆಲೆ ಅವರ ಕೈ ಸವೆಸಿದ ಜಾಗದಲ್ಲಿದೆ; ಅದು ಕಣ್ಣಿಗೆ ಕಾಣುವ, ಕೈಗೆ ತಗಲುವ ಸಂಗತಿ. ಹಾಗಿದ್ದ ಮೇಲೆ ಅದನ್ನು ಉಳಿಸಿಕೊಳ್ಳುವ ದಾರಿಯನ್ನೂ ಅಲ್ಲಿಂದಲೇ ಹುಡುಕಬೇಕು.

ಒಂದು ಈಳಿಗೆಮಣೆಯನ್ನೇ ತೆಗೆದುಕೊಳ್ಳಿ. ಬಾನುಲಿಯಲ್ಲಿ ತೋರಿಸಲು ಬರುವುದಿಲ್ಲ, ಕೇಳಿಸಿಕೊಂಡೇ ನೋಡಬೇಕು. ಕೊಂಡ ಹೊಸತರಲ್ಲಿ ಅದರ ಅಲಗು ಬುಡದಿಂದ ತುದಿಯವರೆಗೂ ತುಂಬಿಕೊಂಡಿರುತ್ತದೆ. ಮೂವತ್ತು ನಲವತ್ತು ವರ್ಷ ಸೊಪ್ಪು, ಸೌತೆ, ಬಾಳೆದಿಂಡು ಹೆಚ್ಚಿ, ಮಸೆದು, ಮತ್ತೆ ಹೆಚ್ಚಿದ ಮೇಲೆ ಅಲಗಿನ ನಡು ಒಳಕ್ಕೆ ಸರಿದು ಬಿದಿಗೆಯ ಚಂದ್ರನಾಗಿರುತ್ತದೆ. ಎಲ್ಲಿ ಹೆಚ್ಚು ಸರಿದಿದೆಯೋ ಅಲ್ಲಿ ಅದನ್ನು ಬಳಸಿದಾಕೆಯ ಕೈ ಹೆಚ್ಚು ಆಡಿದೆ. ಮಣೆಯ ಮೇಲೆ ಕಾಲು ಊರುವ ಜಾಗದಲ್ಲಿ ಮರ ಎಣ್ಣೆ ಸವರಿದ ಹಾಗೆ ನುಣುಪಾಗಿ, ಕಪ್ಪಗೆ ಹೊಳೆಯುತ್ತದೆ. ತುದಿಯಲ್ಲಿ ಕಾಯಿ ತುರಿಯುವ ಹಲ್ಲುಗಳು ಒಂದು ಪಕ್ಕದಲ್ಲಿ ಮೊಂಡು, ಇನ್ನೊಂದು ಪಕ್ಕದಲ್ಲಿ ಚೂಪು; ಕಾಯಿ ಹೋಳನ್ನು ಆಕೆ ಯಾವ ಕಡೆಗೆ ತಿರುಗಿಸುತ್ತಿದ್ದಳೆಂದು ಅದರಿಂದಲೇ ಹೇಳಬಹುದು. ಹೊಸಬರು ಅದರ ಮೇಲೆ ಕೂತರೆ ಮೊದಮೊದಲು ಒಗ್ಗುವುದಿಲ್ಲ, ಬೇರೆಯವರ ಚಪ್ಪಲಿ ಮೆಟ್ಟಿದ ಹಾಗಾಗುತ್ತದೆ. ಅಡಕತ್ತರಿಯ ಹಿಡಿ, ಕನ್ನಡಕದ ಬಾಗಿದ ಕಡ್ಡಿ, ಒಂದೇ ಮಗ್ಗುಲಿಗೆ ಸವೆದ ಚಪ್ಪಲಿಯ ಹಿಮ್ಮಡಿ, ಎಲ್ಲದರಲ್ಲೂ ಇಂಥ ಬರಹವಿದೆ. ಗೋಡೆಗೆ ತೂಗುಹಾಕಿ ಗಂಧದ ಹಾರ ಹಾಕುವ ಫೋಟೋದಲ್ಲಿ ಇರುವುದು ಕ್ಯಾಮೆರಾದ ಮುಂದೆ ಸೆಟೆದು ಕೂತ ಒಂದು ಗಳಿಗೆ. ಈಳಿಗೆಮಣೆಯಲ್ಲಿ ಹದಿನಾಲ್ಕು ಸಾವಿರ ಬೆಳಗುಗಳಿವೆ. ಮುಖ ನೆನಪಾಗಬೇಕಾದರೆ ಫೋಟೋ ಸಾಕು. ಆಕೆ ಇದ್ದ ರೀತಿ, ಕೂತ ಭಂಗಿ, ಅವಸರ, ನಿಧಾನ ಇವೆಲ್ಲ ಮಣೆಯಲ್ಲಿ ಕೊರೆದುಕೊಂಡಿವೆ.

ಇಂಥ ವಸ್ತುವಿಗೆ ಇನ್ನೊಂದು ಅಂಥದೇ ವಸ್ತು ಬದಲಾಗಲಾರದು ಎಂಬುದು ಮನುಷ್ಯರಿಗೆ ಎಷ್ಟು ಬೇಗ ತಿಳಿಯುತ್ತದೆ ಎನ್ನುವುದಕ್ಕೆ ಒಂದು ಚಂದದ ಪ್ರಯೋಗವಿದೆ. ಬ್ರೂಸ್ ಹುಡ್ ಮತ್ತು ಪಾಲ್ ಬ್ಲೂಮ್ ಎಂಬ ಮನೋವಿಜ್ಞಾನಿಗಳು 2008ರಲ್ಲಿ ಪ್ರಕಟಿಸಿದ್ದು. ಮೂರರಿಂದ ಆರು ವರ್ಷದ ಮಕ್ಕಳ ಮುಂದೆ ಒಂದು ಯಂತ್ರ ಇಟ್ಟು, ಒಳಗೆ ಹಾಕಿದ ವಸ್ತುವಿಗೆ ಇದು ಅಚ್ಚು ಜೋಡಿ ಮಾಡಿಕೊಡುತ್ತದೆ ಎಂದು ನಂಬಿಸಿದರು. ಬೇರೆ ಆಟಿಕೆಗಳ ವಿಷಯದಲ್ಲಿ ಮಕ್ಕಳಿಗೆ ತಕರಾರಿರಲಿಲ್ಲ, ಹೊಸ ಜೋಡಿಯನ್ನೇ ಆರಿಸಿಕೊಂಡವರೂ ಇದ್ದರು. ಆದರೆ ದಿನಾ ತಬ್ಬಿ ಮಲಗುವ ಗೊಂಬೆ, ಹೊದಿಕೆಗಳ ಮಾತು ಬಂದಾಗ ತಮ್ಮದೇ ಬೇಕೆಂದರು. ಕೆಲವರಂತೂ ಯಂತ್ರದೊಳಗೆ ಇಡಲೇ ಬಿಡಲಿಲ್ಲ. ಮಕ್ಕಳ ಹಟ ಎಂದು ತಳ್ಳಿಹಾಕುವವರು ದೊಡ್ಡವರ ಒಂದು ಉದಾಹರಣೆ ಕೇಳಬಹುದು. 2004ರ ಮಾರ್ಚಿನಲ್ಲಿ ಶಾಂತಿನಿಕೇತನದ ಸಂಗ್ರಹಾಲಯದಿಂದ ರವೀಂದ್ರನಾಥ ಠಾಕೂರರ ನೊಬೆಲ್ ಪದಕ ಕಳುವಾಯಿತು. ಬಳಿಕ ನೊಬೆಲ್ ಪ್ರತಿಷ್ಠಾನವೇ ಅದರ ಪ್ರತಿಕೃತಿಗಳನ್ನು ಮಾಡಿಸಿಕೊಟ್ಟಿತು. ಕೊಟ್ಟವರು ಅವರೇ, ವಿನ್ಯಾಸ ಅದೇ. ಆದರೂ ಕಳುವಾದದ್ದು ಸಿಕ್ಕಿತು ಎಂದು ಯಾರೂ ಹೇಳುವುದಿಲ್ಲ. ನಮ್ಮ ಕುಪ್ಪಳಿಯ ಕವಿಮನೆಯಿಂದ 2015ರ ನವೆಂಬರಿನಲ್ಲಿ ಕುವೆಂಪು ಅವರ ಪದ್ಮ ಪದಕಗಳು ಹೋದಾಗಲೂ ನಾಡಿಗೆ ಆದ ಸಂಕಟ ಲೋಹದ್ದಲ್ಲ. ಪದಕವನ್ನು ಮತ್ತೆ ಎರಕ ಹೊಯ್ಯಬಹುದು, ಅದು ಅವರ ಕೈಗೆ ಬಂದ ಗಳಿಗೆಯನ್ನು ಎರಕ ಹೊಯ್ಯಲು ಬರುವುದಿಲ್ಲ. ಆದರೂ ನನ್ನನ್ನು ಕೇಳಿದರೆ, ಆ ಮನೆಯಲ್ಲಿ ಪದಕಕ್ಕಿಂತ ಹೆಚ್ಚು ಮಾತಾಡುವುದು ಹೊಗೆ ಹಿಡಿದ ಅಡುಗೆಮನೆ, ಕಾಲು ಸವೆಸಿದ ಮೆಟ್ಟಿಲು. ಪದಕವನ್ನು ಯಾವ ಕವಿಯೂ ದಿನಾ ಬಳಸುವುದಿಲ್ಲ.

ಇದಕ್ಕೆ ಮೊದಲ ಆಕ್ಷೇಪ ವಿಚಾರವಾದಿಗಳದು. ಇದೆಲ್ಲ ಹಳೆಯ ಮೈಲಿಗೆ ಮಡಿಗಳ ನಂಬಿಕೆಯೇ ವೇಷ ಬದಲಿಸಿ ಬಂದದ್ದು, ಮುಟ್ಟಿದವರ ಗುಣ ಮುಟ್ಟಿದ ವಸ್ತುವಿಗೆ ಅಂಟುತ್ತದೆ ಎಂಬ ಭ್ರಮೆ, ಎನ್ನುತ್ತಾರೆ. ಅವರ ಕೈಯಲ್ಲಿ ಪುರಾವೆಯೂ ಇದೆ. ಹಿಟ್ಲರ್ ತೊಟ್ಟಿದ್ದ ಸ್ವೆಟರನ್ನು ತೊಡುತ್ತೀರಾ ಎಂದು ಪಾಲ್ ರೋಜಿನ್ ಎಂಬ ಮನೋವಿಜ್ಞಾನಿ ಕೇಳಿದಾಗ, ಒಗೆದು ಕೊಟ್ಟರೂ ಬೇಡವೆಂದವರು ಬಹಳ. ಇನ್ನೊಂದು ಅಧ್ಯಯನ 2011ರದು: ಮೆಚ್ಚಿನ ನಟ ತೊಟ್ಟ ಸ್ವೆಟರಿಗೆ ಆಸೆಪಟ್ಟವರು, ಅದನ್ನು ರೋಗಾಣು ಸಾಯುವಂತೆ ಶುದ್ಧಿ ಮಾಡಲಾಗಿದೆ ಎಂದು ತಿಳಿದೊಡನೆ ಆಸೆ ಕಡಿಮೆ ಮಾಡಿಕೊಂಡರು. ಅಂದರೆ ಮೈಯ ಅಂಶ ಏನೋ ಬಟ್ಟೆಯಲ್ಲಿದೆ ಎಂದು ಮನಸ್ಸು ಎಣಿಸುತ್ತದೆ. ಒಪ್ಪೋಣ. ತೀರಿಕೊಂಡವರ ಕೊನೆಯ ಅಂಗಿಯನ್ನು ಒಗೆಯದೆ ಮಡಿಸಿಡುವ ಮನೆಗಳು ನಮ್ಮಲ್ಲೂ ಉಂಟು, ವಾಸನೆಯ ನೆನಪು ಬೇರೆ ನೆನಪುಗಳಿಗಿಂತ ಆಳಕ್ಕೆ ಇಳಿಯುತ್ತದೆ. ಆದರೆ ಈ ವಿವರಣೆ ನಟನ ಸ್ವೆಟರಿಗೆ ಹೊಂದುವಷ್ಟು ಅಜ್ಜಿಯ ಹಿತ್ತಾಳೆ ಚೊಂಬಿಗೆ ಹೊಂದುವುದಿಲ್ಲ. ಆ ಚೊಂಬನ್ನು ಹುಣಸೆಹಣ್ಣು, ಬೂದಿ ಹಾಕಿ ದಿನಾ ಬೆಳಗಿದ್ದಾರೆ. ಅಜ್ಜಿಯ ಬೆರಳಿನ ಬೆವರು ಅದರಲ್ಲಿ ಒಂದು ಹನಿಯೂ ಉಳಿದಿಲ್ಲ. ಆದರೂ ಅದರ ಬೆಲೆ ಒಂದು ಕಾಸೂ ಇಳಿದಿಲ್ಲ. ಬೆಳಗಿ ಬೆಳಗಿ ಕಂಠದ ಹತ್ತಿರ ತೆಳ್ಳಗಾದದ್ದು, ಅಂಗಡಿಯಲ್ಲಿ ಚುಕ್ಕಿ ಚುಕ್ಕಿಯಾಗಿ ಕುಟ್ಟಿಸಿದ ಹೆಸರಿನ ಮೊದಲ ಎರಡಕ್ಷರ ಮಾಸಿ ಕೊನೆಯದಷ್ಟೇ ಉಳಿದದ್ದು, ಅದೇ ಈಗ ಅದರ ಗುರುತು. ಅಂಟಿಕೊಂಡದ್ದರಿಂದ ಬಂದ ಬೆಲೆಯಾಗಿದ್ದರೆ ತೊಳೆದಾಗ ಹೋಗಬೇಕಿತ್ತು. ಸವೆತ ತೊಳೆದರೆ ಹೋಗುವುದಿಲ್ಲ, ತೊಳೆದಷ್ಟೂ ಹೆಚ್ಚುತ್ತದೆ.

ಇದಕ್ಕಿಂತ ಬಲವಾದ ಆಕ್ಷೇಪ ಇನ್ನೊಂದಿದೆ, ಅದಕ್ಕೆ ಎಡೆ ಕೊಟ್ಟವನು ಒಬ್ಬ ಕಾದಂಬರಿಕಾರ. ತುರ್ಕಿಯ ಓರ್ಹಾನ್ ಪಾಮುಕ್ 2008ರಲ್ಲಿ ‘ಮುಗ್ಧತೆಯ ಸಂಗ್ರಹಾಲಯ’ ಎಂಬ ಅರ್ಥದ ಹೆಸರಿನ ಕಾದಂಬರಿ ಬರೆದ. ಪ್ರೀತಿಸಿದ ಹೆಣ್ಣು ಮುಟ್ಟಿದ ವಸ್ತುಗಳನ್ನೆಲ್ಲ ಕದ್ದು ಕೂಡಿಟ್ಟ ಗಂಡಸಿನ ಕಥೆ ಅದು. 2012ರಲ್ಲಿ ಪಾಮುಕ್ ಇಸ್ತಾಂಬುಲ್‌ನಲ್ಲಿ ನಿಜವಾಗಿಯೂ ಅದೇ ಹೆಸರಿನ ಸಂಗ್ರಹಾಲಯ ತೆರೆದ. ಒಂದು ಗೋಡೆಯ ತುಂಬ ಅವಳು ಸೇದಿ ಬಿಟ್ಟ ಸಿಗರೇಟಿನ ತುಂಡುಗಳು, ಲೆಕ್ಕಕ್ಕೆ 4,213. ಅಂಥ ಹೆಂಗಸು ಎಂದೂ ಇರಲಿಲ್ಲ. ಆದರೂ ಜನ ಆ ಗೋಡೆಯ ಮುಂದೆ ಬಹಳ ಹೊತ್ತು ನಿಲ್ಲುತ್ತಾರೆ. ಇಲ್ಲದವಳ ವಸ್ತುವೂ ಮನಸ್ಸನ್ನು ಹಿಡಿಯುವುದಾದರೆ ಬೆಲೆಯೆಲ್ಲ ನಾವು ಹೇಳಿಕೊಳ್ಳುವ ಕಥೆಯಲ್ಲೇ ಇದೆ, ವಸ್ತು ಒಂದು ನೆಪ, ಎಂದು ಯಾರಾದರೂ ಹೇಳಬಹುದು. ಗೋಡೆಯ ಹತ್ತಿರ ಹೋಗಿ ನೋಡಿದರೆ ಮಾತು ತಿರುಗುತ್ತದೆ. ಆ ತುಂಡುಗಳು ಹೊಸ ಸಿಗರೇಟುಗಳಲ್ಲ. ಒಂದು ಸಿಟ್ಟಿನಿಂದ ಹೊಸಕಿದ್ದು, ಒಂದು ಅರ್ಧಕ್ಕೇ ಬಿಟ್ಟದ್ದು, ಕೆಲವಕ್ಕೆ ತುಟಿಯ ಬಣ್ಣ. ಇಲ್ಲದ ಹೆಣ್ಣನ್ನು ಇದ್ದಳೆಂದು ನಂಬಿಸಲು ಪಾಮುಕ್ ಮಾಡಬೇಕಾಗಿ ಬಂದದ್ದು ಸವೆತವನ್ನು ನಕಲು ಮಾಡುವ ಕೆಲಸ. ಖೋಟಾ ನೋಟು ಅಚ್ಚು ಹಾಕುವವನು ನೋಟಿಗೆ ಬೆಲೆಯಿದೆ ಎಂದು ಒಪ್ಪಿಯೇ ಅಚ್ಚು ಹಾಕುತ್ತಾನೆ. ಇದೂ ಹಾಗೆಯೇ.

ಹರಾಜಿನ ಕಟ್ಟೆಯ ಮೇಲೆ ಈ ಬೆಲೆ ಏನಾಗುತ್ತದೆ? ಗಾಂಧೀಜಿಯ ಕನ್ನಡಕ, ಚಪ್ಪಲಿ, ಜೇಬುಗಡಿಯಾರ, ತಟ್ಟೆ, ಬಟ್ಟಲುಗಳನ್ನು 2009ರ ಮಾರ್ಚಿನಲ್ಲಿ ನ್ಯೂಯಾರ್ಕಿನಲ್ಲಿ ಹರಾಜಿಗಿಟ್ಟಾಗ ಬೆಂಗಳೂರಿನ ಉದ್ಯಮಿ ವಿಜಯ ಮಲ್ಯ 18 ಲಕ್ಷ ಡಾಲರಿಗೆ ಕೂಗಿ ಕೊಂಡರು. 2020ರ ಆಗಸ್ಟಿನಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಗಾಂಧೀಜಿಯದೇ ಇನ್ನೊಂದು ಕನ್ನಡಕ 2,60,000 ಪೌಂಡಿಗೆ ಹೋಯಿತು. ಅದನ್ನು ಯಾರೋ ಸಾದಾ ಲಕೋಟೆಯಲ್ಲಿ ಹಾಕಿ ಹರಾಜು ಮನೆಯ ಅಂಚೆಪೆಟ್ಟಿಗೆಗೆ ತುರುಕಿ ಹೋಗಿದ್ದರು. ಇಷ್ಟು ಹಣ ಬಂದದ್ದು ಕೀರ್ತಿಗೆ. ಅದೇ ಕಾಲದ, ಅದೇ ಆಕಾರದ, ಊರಿನ ಒಬ್ಬ ಮೇಷ್ಟರ ಕನ್ನಡಕಕ್ಕೆ ಗುಜರಿಯವನು ಹತ್ತು ರೂಪಾಯಿಯನ್ನೂ ಕೊಡಲಾರ, ಮೇಷ್ಟರ ಮಗಳು ಮಾತ್ರ ಎಷ್ಟಕ್ಕೂ ಕೊಡಲಾರಳು. ಗಾಂಧೀಜಿಯ ಪಾದರಕ್ಷೆಯದೇ ಇನ್ನೊಂದು ಕಥೆ ನನಗೆ ಹರಾಜಿಗಿಂತ ದೊಡ್ಡದಾಗಿ ಕಾಣುತ್ತದೆ. ದಕ್ಷಿಣ ಆಫ್ರಿಕಾದ ಜೈಲಿನಲ್ಲಿ ತಾವೇ ಹೊಲಿದ ಒಂದು ಜೊತೆಯನ್ನು ಅವರು 1914ರಲ್ಲಿ, ತಮ್ಮನ್ನು ಜೈಲಿಗೆ ಹಾಕಿದ ಜನರಲ್ ಸ್ಮಟ್ಸ್‌ಗೆ ಉಡುಗೊರೆಯಾಗಿ ಕೊಟ್ಟರು. ಸ್ಮಟ್ಸ್ ಎಷ್ಟೋ ಬೇಸಗೆಗಳಲ್ಲಿ ಅದನ್ನು ಮೆಟ್ಟಿ ಓಡಾಡಿ, 1939ರಲ್ಲಿ ಗಾಂಧೀಜಿಗೆ ಎಪ್ಪತ್ತು ತುಂಬಿದಾಗ, ಅಂಥವರ ಪಾದರಕ್ಷೆಯಲ್ಲಿ ನಿಲ್ಲುವ ಯೋಗ್ಯತೆ ತನಗಿಲ್ಲವೆಂಬ ಮಾತಿನೊಂದಿಗೆ ಹಿಂದಕ್ಕೆ ಕಳಿಸಿದ. ಹೊಲಿಗೆ ಒಬ್ಬರದು, ಸವೆತ ಇನ್ನೊಬ್ಬರದು. ಪಾದುಕೆಯ ಮಾತು ಬಂದರೆ ನಮಗೆ ಭರತನ ನೆನಪು ಬಾರದಿರುವುದಿಲ್ಲ. ನಂದಿಗ್ರಾಮದಲ್ಲಿ ಅವನು ಕಾದದ್ದು ಹದಿನಾಲ್ಕು ವರ್ಷ. ಅಣ್ಣ ಬಂದ, ಪಾದುಕೆ ಅವನ ಕಾಲಿಗೆ ಮರಳಿತು. ತೀರಿಕೊಂಡವರ ಮೆಟ್ಟನ್ನು ಇಟ್ಟುಕೊಂಡವರಿಗೆ ಆ ದಿನ ಬರುವುದಿಲ್ಲ ಎನ್ನುವುದಷ್ಟೇ ವ್ಯತ್ಯಾಸ.

ಕಾನೂನು ಈ ವಿಷಯದಲ್ಲಿ ಒಣ ಎಂದು ನಾವು ತಿಳಿದಿದ್ದೇವೆ, ಅದು ಅಷ್ಟೇನೂ ಒಣ ಅಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆ 1908ರದು. ಸಾಲ ತೀರಿಸದವನ ಆಸ್ತಿ ಜಪ್ತಿ ಮಾಡುವಾಗ ಮುಟ್ಟಬಾರದ ವಸ್ತುಗಳ ಪಟ್ಟಿ ಅದರ 60ನೇ ಕಲಮಿನಲ್ಲಿದೆ. ಅವನ ಮತ್ತು ಹೆಂಡತಿ ಮಕ್ಕಳ ಉಡುಗೆ, ಅಡುಗೆ ಪಾತ್ರೆ, ಹಾಸಿಗೆ ಹೊದಿಕೆ. ಜೊತೆಗೆ, ಧಾರ್ಮಿಕ ಆಚಾರದ ಪ್ರಕಾರ ಹೆಂಗಸು ಬಿಟ್ಟುಕೊಡಲಾರದ ಒಡವೆ. ತಾಳಿಯಲ್ಲಿ ಎಷ್ಟು ಗ್ರಾಂ ಚಿನ್ನ ಇದೆ ಎಂದು ಅಲ್ಲಿ ಅಮೀನ ಕೇಳುವ ಹಾಗಿಲ್ಲ. ಇನ್ನೂ ಹಳೆಯದಾದ 1877ರ ನಿರ್ದಿಷ್ಟ ಪರಿಹಾರ ಕಾಯ್ದೆಯಲ್ಲಿ ಉದಾಹರಣೆಯಾಗಿ ಕೊಟ್ಟ ವಸ್ತುಗಳೇ ಸ್ವಾರಸ್ಯವಾಗಿವೆ: ಮನೆತನದ ದೇವರ ವಿಗ್ರಹ, ತೀರಿಕೊಂಡ ಕಲಾವಿದನ ಚಿತ್ರ. ಇಂಥವುಗಳ ವಿಷಯದಲ್ಲಿ ನಷ್ಟವನ್ನು ಹಣದಲ್ಲಿ ಅಳೆಯುವ ಮಾನದಂಡ ಇಲ್ಲ, ಆದ್ದರಿಂದ ವಸ್ತುವನ್ನೇ ಕೊಡಿಸಬೇಕು ಎಂಬ ತತ್ವ ಆಗಲೇ ಇತ್ತು. ಸತ್ತವರ ಬಳಿ ಇದ್ದ ವಸ್ತುವನ್ನು ವಾರಸುದಾರರ ಕೈಗೆ ಸೇರುವ ಮೊದಲೇ ಲಪಟಾಯಿಸುವುದು ಹಳೆಯ ದಂಡ ಸಂಹಿತೆಯಲ್ಲಿ 404ನೇ ಕಲಮು, ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ 315. ಮೂರು ವರ್ಷದವರೆಗೆ ಸೆರೆ. ಮಾಡಿದವನು ಸತ್ತವರ ಗುಮಾಸ್ತನೋ ಆಳೋ ಆಗಿದ್ದರೆ ಏಳು. ಕಾವಲಿಲ್ಲದ ಆ ಕೆಲವು ಗಂಟೆಗಳಲ್ಲಿ ಆಗುವ ಕಳವು ಉಳಿದ ಕಳವಿನಂತಲ್ಲ ಎಂದು ಕಾನೂನು ಬರೆದವರಿಗೂ ಅನಿಸಿತ್ತು. ವಿಮೆಯವರು ಮಾತ್ರ ಇದನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅವರದು ಮತ್ತೆ ಸವಕಳಿ ಕಳೆದ ಬೆಲೆ.

ವೈರಾಗ್ಯದ ಕಡೆಯಿಂದ ಬರುವ ಆಕ್ಷೇಪಕ್ಕೆ ನಮ್ಮಲ್ಲಿ ಗೌರವ ಹೆಚ್ಚು. ಮನುಷ್ಯನೇ ಹೋದ ಮೇಲೆ ಅವನ ಕೋಲು, ಕೊಡೆ ಇಟ್ಟುಕೊಂಡು ಏನು ಮಾಡುವುದು, ಮೋಹ ಬಿಡಿ, ನಮ್ಮ ಪರಂಪರೆ ಕಲಿಸುವುದೇ ಅದನ್ನು, ಎನ್ನುತ್ತಾರೆ. ಪರಂಪರೆ ಏನು ಮಾಡಿದೆ ಎಂದು ನೋಡೋಣ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆಸಿದ ಬೃಹತ್ ಶಿಲಾಯುಗದ ಗೋರಿಗಳಲ್ಲಿ ಎಲುಬಿನ ಜೊತೆಗೆ ಕಪ್ಪು ಕೆಂಪು ಮಡಕೆಗಳೂ ಕಬ್ಬಿಣದ ಹತಾರಗಳೂ ಸಿಕ್ಕಿದವು. ಆಗ ಕಬ್ಬಿಣ ಅಗ್ಗದ್ದಲ್ಲ. ಬದುಕಿರುವವರ ಹೊಲಕ್ಕೆ ಬೇಕಾದದ್ದನ್ನು ಸತ್ತವರ ಜೊತೆ ಹೂತರೆಂದರೆ ಕೆಲವು ವಸ್ತುಗಳು ಒಬ್ಬರವೇ, ಇನ್ನೊಬ್ಬರವಾಗಲಾರವು ಎಂಬ ತಿಳಿವಳಿಕೆ ಇದ್ದಿರಬೇಕು. ಲಿಂಗವಂತರಲ್ಲಿ ಜೀವಮಾನವಿಡೀ ಮೈಮೇಲೆ ಇದ್ದ ಇಷ್ಟಲಿಂಗ ಮಗನಿಗೆ ಬರುವುದಿಲ್ಲ, ಸಮಾಧಿಯಲ್ಲಿ ಅವರ ಸಂಗಡವೇ ಹೋಗುತ್ತದೆ. ಶಯ್ಯಾದಾನ ಮಾಡುವ ಮನೆಗಳಲ್ಲಿ ಮಂಚ, ಹಾಸಿಗೆ, ಕೊಡೆ, ಪಾದರಕ್ಷೆ, ಚೊಂಬು ಕೊಡುತ್ತಾರಲ್ಲ, ಅವನ್ನು ಸಾಮಾನ್ಯವಾಗಿ ಅಂಗಡಿಯಿಂದ ಹೊಸದಾಗಿ ತರುತ್ತಾರೆ. ಸವೆದ ಕೊಡೆ ಮನೆಯ ಮೊಳೆಯಲ್ಲೇ ಇರುತ್ತದೆ. ಹಳೇ ಮೈಸೂರಿನ ಕಡೆ ಮಹಾಲಯ ಅಮಾವಾಸ್ಯೆಯ ಹಿರಿಯರ ಹಬ್ಬದಲ್ಲಿ ಎಡೆ ಇಡುವಾಗ ಹೊಸ ಬಟ್ಟೆ ಇಡುತ್ತಾರೆ, ಅವರಿಗೆ ಇಷ್ಟವಿದ್ದ ತಿಂಡಿ, ಎಲೆ ಅಡಿಕೆ, ಬೀಡಿ, ಕೆಲವು ಮನೆಗಳಲ್ಲಿ ಹೆಂಡವನ್ನೂ ಇಡುತ್ತಾರೆ. ಅಜ್ಜನಿಗೆ ಯಾವ ಬೀಡಿ ಎಂದು ಹುಡುಗರನ್ನು ಅಂಗಡಿಗೆ ಕಳಿಸುವಾಗ ಹೇಳಿ ಕಳಿಸುತ್ತಾರೆ. ಎಡೆಯ ಮುಂದಿಟ್ಟ ಹೊಸ ಪಂಚೆಯನ್ನು ಆಮೇಲೆ ಮನೆಯವರೇ ಉಡುತ್ತಾರೆ. ಮೋಹ ಬಿಡಿ ಎಂದು ಬಾಯಲ್ಲಿ ಹೇಳುವ ನಾವು ಕೈಯಲ್ಲಿ ಮಾಡುತ್ತ ಬಂದದ್ದು ಇಂಥ ವಿಂಗಡಣೆ: ಯಾವುದು ಅವರ ಜೊತೆ ಹೋಗಬೇಕು, ಯಾವುದನ್ನು ಕೊಡಬೇಕು, ಯಾವುದು ಮನೆಯಲ್ಲಿ ಉಳಿಯಬೇಕು.

ಇದೇ ಉಪದೇಶ ಆಧುನಿಕ ವೇಷದಲ್ಲಿ ಬಂದರೆ ಅದಕ್ಕೆ ಮನೋವಿಶ್ಲೇಷಕ ಫ್ರಾಯ್ಡ್ ಸಾಕ್ಷಿ. ಹೋದವರಿಂದ ಮನಸ್ಸನ್ನು ಎಳೆ ಎಳೆಯಾಗಿ ಬಿಡಿಸಿಕೊಂಡು ಹೊಸದಕ್ಕೆ ಕಟ್ಟುವುದೇ ದುಃಖದ ಕೆಲಸ, ಬಿಡಿಸಿಕೊಳ್ಳದಿದ್ದರೆ ಅದು ಕಾಯಿಲೆ, ಎಂಬ ಅರ್ಥದಲ್ಲಿ ಅವನು 1917ರ ಪ್ರಬಂಧದಲ್ಲಿ ಬರೆದಿದ್ದ. ಸತ್ತವರ ವಸ್ತುಗಳನ್ನು ಬೇಗ ಖಾಲಿ ಮಾಡಿ ಎಂದು ಇಂದಿಗೂ ಹೇಳುವವರು ತಿಳಿದೋ ತಿಳಿಯದೆಯೋ ಆ ಮಾತನ್ನೇ ಹೇಳುತ್ತಿರುತ್ತಾರೆ. 1920ರ ಜನವರಿಯಲ್ಲಿ ಅವನ ಮಗಳು ಸೋಫಿ ಆಗಿನ ಮಹಾಮಾರಿ ಜ್ವರಕ್ಕೆ ತುತ್ತಾದಳು, ಇಪ್ಪತ್ತಾರು ವರ್ಷ. ಒಂಬತ್ತು ವರ್ಷ ಕಳೆದ ಮೇಲೆ, ಬದುಕಿದ್ದರೆ ಅವಳಿಗೆ ಮೂವತ್ತಾರು ತುಂಬುತ್ತಿದ್ದ ದಿನ, ಮಗನನ್ನು ಕಳೆದುಕೊಂಡ ಗೆಳೆಯನೊಬ್ಬನಿಗೆ ಫ್ರಾಯ್ಡ್ ಪತ್ರ ಬರೆದ: ಆ ಜಾಗಕ್ಕೆ ಬದಲಿ ಸಿಗುವುದಿಲ್ಲ, ಸಿಗಬಾರದು ಕೂಡ, ಎಂಬುದು ಅದರ ತಿರುಳು. 1933ರಲ್ಲಿ ವಿಯೆನ್ನಾದಲ್ಲಿ ಅವನ ಬಳಿ ಚಿಕಿತ್ಸೆಗೆ ಹೋಗುತ್ತಿದ್ದ ಅಮೆರಿಕದ ಕವಯಿತ್ರಿ ಹಿಲ್ಡಾ ಡೂಲಿಟಲ್ ಸೋಫಿಯ ಪ್ರಸ್ತಾಪ ಬಂದಾಗ ನಡೆದದ್ದನ್ನು ಬರೆದಿಟ್ಟಿದ್ದಾಳೆ. ಮಗಳು ಇಲ್ಲಿದ್ದಾಳೆ ಎಂದು ಆ ಮುದುಕ ತನ್ನ ಗಡಿಯಾರದ ಸರಪಣಿಗೆ ಕಟ್ಟಿಕೊಂಡಿದ್ದ ಪುಟ್ಟ ಪದಕವೊಂದನ್ನು ತೋರಿಸಿದನಂತೆ. ಅದು ಅವನ ಜೇಬಿನ ಅಂಚಿಗೆ ಉಜ್ಜುತ್ತಿತ್ತು, ಮಗಳು ಹೋದ ಮೇಲಿನ ಹದಿಮೂರು ವರ್ಷವೂ ಅವನು ಕೆಲಸ ಮಾಡುತ್ತಲೇ ಇದ್ದ. 1996ರ ಹೊತ್ತಿಗೆ ಮನೋವಿಜ್ಞಾನಿಗಳೂ ದಾರಿ ಬದಲಿಸಿ, ಸತ್ತವರೊಂದಿಗೆ ಮುಂದುವರಿಯುವ ಬಾಂಧವ್ಯ ಎಂಬ ಮಾತಿಗೆ ಬಂದರು. ಹಾಗೆಂದು ಆಕ್ಷೇಪ ಪೂರ್ತಿ ಸುಳ್ಳಲ್ಲ. ಹೋದವರ ಕೋಣೆಯನ್ನು ಹಾಗೆಯೇ ಮುಚ್ಚಿಟ್ಟು, ಕ್ಯಾಲೆಂಡರಿನ ಹಾಳೆಯನ್ನೂ ತಿರುಗಿಸದೆ ಬಿಡುವವರಿದ್ದಾರೆ. ಅಲ್ಲಿ ವಸ್ತು ನಿಂತುಹೋಗಿದೆ. ಫ್ರಾಯ್ಡನ ಪದಕ ಓಡಾಡುತ್ತಿತ್ತು.

ಜಾಗದ ಮಾತಿಗೆ ಬಂದರೆ ನಾನು ಅರ್ಧಕ್ಕರ್ಧ ಸೋಲು ಒಪ್ಪಿಕೊಳ್ಳುತ್ತೇನೆ. ಊರಿನ ತೊಟ್ಟಿಮನೆಯ ಅಟ್ಟ ನುಂಗಿಕೊಳ್ಳುತ್ತಿದ್ದದ್ದನ್ನು ಬೆಂಗಳೂರಿನ ಎರಡು ಕೋಣೆಯ ಫ್ಲ್ಯಾಟು ನುಂಗಲಾರದು. ನ್ಯೂಜೆರ್ಸಿಯ ಮಗನ ಸೂಟ್‌ಕೇಸಿನ ತೂಕಕ್ಕೆ ವಿಮಾನದವರು ಮಿತಿ ಹಾಕಿದ್ದಾರೆ. ಎಲ್ಲವನ್ನೂ ಇಟ್ಟುಕೊಳ್ಳಲು ಬರುವುದಿಲ್ಲ, ಬೇಕಾಗಿಯೂ ಇಲ್ಲ. ಸವಕಳಿಯ ಲೆಕ್ಕ ಇಲ್ಲಿ ಸ್ವಲ್ಪ ಸಹಾಯಕ್ಕೆ ಬರಬಹುದು. ಮನೆಯಲ್ಲಿರುವ ವಸ್ತುಗಳಲ್ಲಿ ಹೆಚ್ಚಿನವನ್ನು ತೀರಿಕೊಂಡವರು ಇಟ್ಟುಕೊಂಡಿದ್ದರೇ ಹೊರತು ಬಳಸಿರಲಿಲ್ಲ. ಸನ್ಮಾನದ ಫಲಕಗಳು, ಷೋಕೇಸಿನ ಗಾಜಿನ ಆನೆಗಳು, ಮದುವೆಗಳಲ್ಲಿ ಬಂದ ಗೋಡೆ ಗಡಿಯಾರಗಳು. ಅವು ಹೋದರೆ ಅವರ ಗುರುತೇನೂ ಹೋಗುವುದಿಲ್ಲ. ಈಗಿನವರು ಕೇಳುವ ಇನ್ನೊಂದು ಪ್ರಶ್ನೆ ಹೆಚ್ಚು ಕಷ್ಟದ್ದು. ಮೂರು ವರ್ಷಕ್ಕೊಂದು ಫೋನು, ಐದು ವರ್ಷಕ್ಕೊಂದು ಮಿಕ್ಸಿ ಬದಲಿಸುವ ನಾವು ಏನನ್ನು ಸವೆಸಿ ಬಿಟ್ಟು ಹೋಗುತ್ತೇವೆ? ಫೋನಿನಲ್ಲಿ ಅವರ ಧ್ವನಿ ಇದೆ, ನಿಜ. ನಿಲ್ಲಿಸಿದ ನಂಬರನ್ನು ತೊಂಬತ್ತು ದಿನ ಕಳೆದ ಮೇಲೆ ಕಂಪನಿಯವರು ಬೇರೆಯವರಿಗೆ ಕೊಡಬಹುದು, ಅಪ್ಪನ ನಂಬರಿನಿಂದ ಯಾರೋ ಅಪರಿಚಿತರು ಮಾತಾಡಬಹುದು. ಉಳಿಸಿಕೊಂಡ ಧ್ವನಿಯ ಕಡತವನ್ನು ಸಾವಿರ ಸಲ ಕೇಳಿದರೂ ಅದು ಸವೆಯುವುದಿಲ್ಲ. ಧ್ವನಿಯನ್ನೇ ನಂಬಿ ಬದುಕುವ ಈ ಬಾನುಲಿಯಲ್ಲಿ ಕೂತು ಹೀಗೆ ಹೇಳುವುದು ವಿಚಿತ್ರ ಕಾಣಬಹುದು. ಹಳೆಯ ಟೇಪುಗಳಾದರೂ ಕೇಳಿದಷ್ಟೂ ಸವೆಯುತ್ತಿದ್ದವು, ಯಾರೋ ಇದನ್ನು ಪದೇ ಪದೇ ಕೇಳಿದ್ದಾರೆ ಎಂದು ಕೊರಕಲು ಸದ್ದಿನಿಂದಲೇ ತಿಳಿಯುತ್ತಿತ್ತು. ಆದರೂ ಗಾಬರಿಯಾಗಬೇಕಿಲ್ಲ. ಕಾಫಿಪುಡಿಯ ಸ್ಟೀಲ್ ಡಬ್ಬಿಯೊಳಗಿನ ಚಮಚ, ಬೈಕಿನ ಬೀಗದ ಕೈಗೊಂಚಲು, ದೇವರಕೋಣೆಯ ಘಂಟೆ ಇನ್ನೂ ಬಹಳ ಮನೆಗಳಲ್ಲಿ ಬದಲಾಗಿಲ್ಲ.

ಪಾಲಿನ ದಿನ ಈ ವಾದದ ನಿಜವಾದ ಪರೀಕ್ಷೆ. ಜಮೀನನ್ನು ಪಾಲು ಮಾಡುವುದು ಕಷ್ಟವಲ್ಲ, ಎಕರೆಗೆ ನಲವತ್ತು ಗುಂಟೆ, ಸರ್ವೆಯವರು ಸರಪಣಿ ಹಿಡಿದರೆ ಆಯಿತು. ಬ್ಯಾಂಕಿನ ಠೇವಣಿ ಪೈಸೆಯವರೆಗೆ ಒಡೆಯುತ್ತದೆ. ಚಿನ್ನವನ್ನು ಕರಗಿಸಿ ತೂಗಬಹುದು. ಸೈಟಿನ ಮಾತಿನಲ್ಲಿ ಒಬ್ಬರಿಗೊಬ್ಬರು ಬಿಟ್ಟುಕೊಟ್ಟ ಅಕ್ಕತಂಗಿಯರು ಅಮ್ಮನ ಈಳಿಗೆಮಣೆ ಯಾರಿಗೆ ಎಂಬಲ್ಲಿ ಮಾತು ಬಿಟ್ಟರು ಎಂದರೆ ಪಂಚಾಯಿತಿಯ ಹಿರಿಯರಿಗೆ ನಗು ಬರುತ್ತದೆ. ನಗುವುದಕ್ಕೆ ಏನೂ ಇಲ್ಲ. ಉಳಿದದ್ದಕ್ಕೆಲ್ಲ ಬದಲು ಇತ್ತು, ಇದಕ್ಕೆ ಇರಲಿಲ್ಲ. ಜಗಳ ಬದಲಿಲ್ಲದ ಕಡೆಯಲ್ಲೇ ನಡೆಯುತ್ತದೆ. ಮಣೆಯನ್ನು ಗರಗಸದಿಂದ ಸೀಳಿ ಕೊಡಲು ಬರುವುದಿಲ್ಲ. ಆದರೆ ಒಂದು ವಸ್ತು ಇದೆ, ಸೀಳಿದರೂ ಬೆಲೆ ಕೆಡದಂಥದು, ಅದಕ್ಕಾಗಿ ಉತ್ತರ ಕರ್ನಾಟಕದ ಹೆಂಗಸರು ಒಂದು ಕಲೆಯನ್ನೇ ಕಟ್ಟಿಕೊಂಡಿದ್ದಾರೆ.

ಕೌದಿಯ ಮಾತು ನಾನು ಹೇಳುತ್ತಿರುವುದು. ಹಳೆಯ ಸೀರೆ, ಧೋತರ, ಕುಪ್ಪಸದ ತುಂಡುಗಳನ್ನು ಪದರ ಪದರವಾಗಿ ಹಾಸಿ, ಕೈಹೊಲಿಗೆಯಲ್ಲಿ ಒತ್ತಾಗಿ ಹೊಲಿದ ಹೊದಿಕೆ. ಇದಕ್ಕೆ ಸವೆದ ನೂಲಿನ ಬಟ್ಟೆಯೇ ಬೇಕು. ಹೊಸ ಬಟ್ಟೆಯ ಗಂಜಿ ಸೂಜಿಗೆ ಒಗ್ಗುವುದಿಲ್ಲ, ಮೈಗೂ ಒಗ್ಗುವುದಿಲ್ಲ. ಹುಟ್ಟಿದ ಕೂಸನ್ನು ಸುತ್ತಲು ಅಜ್ಜಿಯ ಹಳೆ ಸೀರೆಯನ್ನೇ ಹುಡುಕುವುದು ಯಾಕೆ ಎಂದು ಯಾರನ್ನಾದರೂ ಕೇಳಿ. ಎಳೆಯ ಚರ್ಮಕ್ಕೆ ಬೇಕಾದ ಮೆತ್ತನೆ ಯಾವ ಅಂಗಡಿಯಲ್ಲೂ ದುಡ್ಡಿಗೆ ಸಿಗುವುದಿಲ್ಲ, ಇಪ್ಪತ್ತು ವರ್ಷ ಒಬ್ಬರು ಉಟ್ಟು, ಒಗೆದು, ಒಣಗಿಸಿದರೇ ಬರುತ್ತದೆ. ಲೆಕ್ಕದ ಪುಸ್ತಕ ಕಳೆಯುತ್ತ ಬಂದದ್ದು ಇಲ್ಲಿ ಕೂಡುತ್ತ ಬಂದಿದೆ, ಇದರಲ್ಲಿ ಭಾವುಕತೆ ಏನಿದೆ? ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಸಮುದಾಯದ ಹೆಂಗಸರ ಕೌದಿಯನ್ನು ಹತ್ತಿರದಿಂದ ನೋಡಿದರೆ ಹೊಲಿಗೆ ಒಂದು ಮೂಲೆಯಿಂದ ಹೊರಟು ಅಂಚಿನುದ್ದಕ್ಕೂ ಸುತ್ತಿ, ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತದೆ. ನಾಲ್ಕು ಮೂಲೆಗೆ ಚೌಕದ ಸಣ್ಣ ತುಂಡು ಮಡಿಸಿ ಹೂವಿನಂತೆ ಕೂರಿಸುತ್ತಾರೆ, ‘ಫುಲ’ ಎನ್ನುತ್ತಾರೆ ಅದಕ್ಕೆ. ಅದಿಲ್ಲದ ಕೌದಿಯನ್ನು ಬೆತ್ತಲೆ ಎಂದುಬಿಡುತ್ತಾರೆ. ತೀರಿಕೊಂಡ ತಾಯಿಯ ಸೀರೆ ಹೀಗೆ ನಾಲ್ಕು ಮನೆಯ ಕೌದಿಗೆ ಹೋಗಬಹುದು. ಒಬ್ಬಳಿಗೆ ಅಂಚು, ಒಬ್ಬಳಿಗೆ ಸೆರಗಿನ ಕೆಂಪು, ಒಬ್ಬಳಿಗೆ ಒಡಲಿನ ಚೌಕಡಿ, ತಮ್ಮನ ಮನೆಗೆ ಮಾಸಿದ ನಿರಿಗೆ.

ಇಲ್ಲಿ ಸಂಗ್ರಹಾಲಯದವರು ಎದ್ದು ನಿಂತು, ಕತ್ತರಿಸಿದರೆ ಸೀರೆ ಹೋಯಿತು, ಹೊದ್ದರೆ ಕೌದಿಯೂ ಹರಿಯುತ್ತದೆ, ಹಾಗಾದರೆ ಉಳಿದದ್ದೇನು ಎಂದು ಕೇಳಬಹುದು. ಕವಿಯ, ಮಹಾತ್ಮನ ವಸ್ತುಗಳಿಗೆ ಗಾಜಿನ ಪೆಟ್ಟಿಗೆ ಬೇಕು, ಅವರನ್ನು ಕಾಣದ ಲಕ್ಷ ಜನ ನೋಡಬೇಕಾದದ್ದು ಅದು. ಮನೆಯವರ ವಸ್ತುವಿಗೆ ಅಷ್ಟು ಆಯುಸ್ಸು ಬೇಕಿಲ್ಲ. ಆಕೆಯನ್ನು ಕಂಡವರು, ಕಂಡವರಿಂದ ಕೇಳಿದವರು ಇರುವಷ್ಟು ದಿನ ಬಾಳಿದರೆ ಅದರ ಕೆಲಸ ತೀರಿತು. ಕೌದಿ ಅಷ್ಟಕ್ಕಿಂತ ಹೆಚ್ಚೇ ಬಾಳುತ್ತದೆ. ಮೇಲಿನ ಪದರ ಹರಿದಾಗ ಅದನ್ನು ಎಸೆಯುವುದಿಲ್ಲ, ಅದರ ಮೇಲೆ ಇನ್ನೊಂದು ತಲೆಮಾರಿನ ಸೀರೆಯ ತುಂಡುಗಳನ್ನು ಹಾಸಿ ಮತ್ತೆ ಹೊಲಿಯುವುದುಂಟು, ಹಳೆಯ ಕೌದಿಯೇ ಹೊಸದರ ಒಳಪದರ. ಆಗ ಹೊದ್ದುಕೊಂಡವರಿಗೆ ಒಳಗಿರುವ ಸೀರೆಯ ಬಣ್ಣ ಕಾಣುವುದಿಲ್ಲ, ಉಟ್ಟವಳ ಹೆಸರೂ ಗೊತ್ತಿರುವುದಿಲ್ಲ. ಕೌದಿ ಮಾತ್ರ ಸ್ವಲ್ಪ ಹೆಚ್ಚು ಭಾರ ಇರುತ್ತದೆ, ಚಳಿಗಾಲದಲ್ಲಿ ಹೆಚ್ಚು ಬೆಚ್ಚಗಿರುತ್ತದೆ.